ಹಸ್ತಪ್ರತಿ ಮೊದಲು ಯಾರ ಕೈಗೆ?

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹೆಣ್ಣುಮಕ್ಕಳ ಬರಹ ಅಚ್ಚುಹಾಕಲೆಂದೇ ಒಂದು ಸಣ್ಣ ಪ್ರಕಾಶನ ಬೇಕು, ಅದು ಲಾಭಕ್ಕೆ ನಿಲ್ಲಬಾರದು, ಯಾವ ಹಸ್ತಪ್ರತಿ ಪುಸ್ತಕವಾಗಬೇಕೆಂದು ಹೆಂಗಸರೇ ತೀರ್ಮಾನಿಸಬೇಕು ಎಂದು ನಾವು ಕೆಲವರು ಹೇಳಿದ್ದಕ್ಕೆ ಹಿರಿಯರಿಂದಲೂ ಗೆಳೆಯರಿಂದಲೂ ಸಾಕಷ್ಟು ಆಕ್ಷೇಪ ಬಂದಿದೆ. ಆಕ್ಷೇಪಿಸಿದವರಲ್ಲಿ ಹೆಚ್ಚಿನವರು ಪುಸ್ತಕ ಪ್ರೀತಿಸುವವರು. ಆದ್ದರಿಂದಲೇ ಅವರ ಮಾತನ್ನು ಹಾಗೇ ಬಿಟ್ಟುಬಿಡಲಾಗದು.

ಎಲ್ಲರೂ ಮೊದಲು ಎತ್ತುವುದು ಸಾಹಿತ್ಯಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ ಎಂಬ ಮಾತು. ಹಾಲಿಗೂ ಇಲ್ಲ. ಆದರೂ ಗೆಜ್ಜಲಗೆರೆಯ ಡೇರಿಗೆ ಹಾಲು ಕಳಿಸುವ ಊರುಗಳಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ಹುಲ್ಲು ಕೊಯ್ದು ತರುವುದು, ಕೊಟ್ಟಿಗೆ ಬಾಚುವುದು, ಹಾಲು ಕರೆಯುವುದು ಹೆಂಗಸು. ಸಂಘದ ಪುಸ್ತಕದಲ್ಲಿ ಹೆಸರು, ಬಟವಾಡೆ ದಿನ ಸಹಿ ಮಾತ್ರ ಗಂಡಸಿನದು ಎಂಬ ಸ್ಥಿತಿ ಇದ್ದದ್ದರಿಂದಲೇ ಅವು ಬೇಕಾದವು. ಈಗ ಅಲ್ಲಿ ಫ್ಯಾಟ್ ನೋಡುವವಳು, ಲೆಕ್ಕ ಬರೆಯುವವಳು, ಅಧ್ಯಕ್ಷಳಾಗಿ ಸಹಿ ಹಾಕುವವಳು ಊರಿನ ಹೆಣ್ಣುಮಗಳು. ಹಾಲು ಒಡೆಯಲಿಲ್ಲ, ಊರೂ ಒಡೆಯಲಿಲ್ಲ.

ಭೇದವಿಲ್ಲ ಎನ್ನುವವರು ನಮ್ಮೂರಿನ ಚರಿತ್ರೆಯನ್ನೇ ಒಮ್ಮೆ ನೋಡಲಿ. ಕನ್ನಡ ಸಾಹಿತ್ಯ ಸಮ್ಮೇಳನಗಳು ಶುರುವಾದದ್ದು 1915ರಲ್ಲಿ. ಅಧ್ಯಕ್ಷ ಪೀಠದಲ್ಲಿ ಮೊದಲ ಬಾರಿ ಹೆಣ್ಣೊಬ್ಬಳು ಕುಳಿತದ್ದು 1974ರಲ್ಲಿ, ಇದೇ ಮಂಡ್ಯದಲ್ಲಿ. ಅವರು ಜಯದೇವಿತಾಯಿ ಲಿಗಾಡೆ. ಎರಡನೆಯವರಾದ ಶಾಂತಾದೇವಿ ಮಾಳವಾಡರಿಗಾಗಿ ಬಾಗಲಕೋಟೆಯ 2000ದ ಸಮ್ಮೇಳನದವರೆಗೆ ಕಾಯಬೇಕಾಯಿತು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲೇ 87ನೆಯ ಸಮ್ಮೇಳನ ನಡೆಯುವ ಹೊತ್ತಿಗೆ ಒಟ್ಟು ನಾಲ್ವರು. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಒಂದೂ ಲೇಖಕಿಗೆ ಬಂದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 1955ರಿಂದ ಪ್ರಶಸ್ತಿ ಕೊಡುತ್ತ ಬಂದಿದೆ. ಕನ್ನಡದ ಲೇಖಕಿಯೊಬ್ಬರಿಗೆ, ಗೀತಾ ನಾಗಭೂಷಣರಿಗೆ, ಅದು ಮೊದಲ ಬಾರಿ ಸಿಕ್ಕದ್ದು 2004ರಲ್ಲಿ. ಭೇದ ಮಾಡಿದವರು ನಾವಲ್ಲ.

ತ್ರಿವೇಣಿಯವರ ಹೆಸರನ್ನೂ ನಮ್ಮ ಮುಂದೆ ಇಟ್ಟಿದ್ದಾರೆ. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದ ಅವರಿಗೆ ಯಾವ ಮಹಿಳಾ ಪ್ರಕಾಶನ ಇತ್ತು, ಅವರನ್ನು ನಾಡೆಲ್ಲ ಓದಲಿಲ್ಲವೆ ಎಂಬ ಪ್ರಶ್ನೆ. ಓದಿತು, ಇಂದಿಗೂ ಓದುತ್ತಿದೆ. ಆದರೆ ತ್ರಿವೇಣಿ ಬಿ.ಎಂ.ಶ್ರೀ ಅವರ ಮನೆತನದಲ್ಲಿ ಬೆಳೆದವರು, ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಪುಸ್ತಕ, ಪತ್ರಿಕೆ, ಪ್ರಕಾಶಕರೆಲ್ಲ ಆ ಮನೆಗೆ ಹೊಸಬರಲ್ಲ. ಅಂಥ ಮನೆ ಇಲ್ಲದವಳ ಗತಿ ಏನು ಎಂಬುದು ನಮ್ಮ ಪ್ರಶ್ನೆ. ಅಷ್ಟಿದ್ದೂ ತ್ರಿವೇಣಿಯವರಿಗೆ ವಿಮರ್ಶೆ ಕೊಟ್ಟ ಜಾಗ ಯಾವುದು? ಬಾಣಂತಿಯ ಮನೋವ್ಯಾಧಿಯನ್ನು 'ಶರಪಂಜರ'ದಲ್ಲಿ ಅಷ್ಟು ಧೈರ್ಯವಾಗಿ ಬರೆದವರನ್ನು ಬಹುಕಾಲ 'ಜನಪ್ರಿಯ' ಎಂಬ ಕಪಾಟಿಗೆ ಸೇರಿಸಿಟ್ಟರು. ಅವರ ಪೀಳಿಗೆಯ ಲೇಖಕಿಯರ ಮೇಲೆ ಅಡುಗೆಮನೆ ಸಾಹಿತ್ಯವೆಂಬ ಹಣೆಪಟ್ಟಿ ಹಚ್ಚಿದ್ದನ್ನೂ ನಾವು ಮರೆತಿಲ್ಲ.

ಹೆಂಗಸರದೇ ಪ್ರಕಾಶನವಾದರೆ ಗುಣಮಟ್ಟ ಇಳಿಯುತ್ತದಂತೆ. ಹೆಂಗಸರು ಪ್ರಕಾಶನ ಕಟ್ಟುವುದು ಹೊಸದೇನಲ್ಲ. ನಂಜನಗೂಡಿನ ತಿರುಮಲಾಂಬಾ ಬಾಲವಿಧವೆ. 1913ರಲ್ಲಿ ಅವರು 'ಸತೀಹಿತೈಷಿಣಿ' ಗ್ರಂಥಮಾಲೆ ಕಟ್ಟಿದರು, ಮುಂದೆ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಹೊಸಗನ್ನಡ ಕಾದಂಬರಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ ಅದು. ಅಂಥವರನ್ನು ಸಾಹಿತ್ಯಲೋಕ ದಶಕಗಟ್ಟಲೆ ಮರೆತೇಬಿಟ್ಟಿತ್ತು; ಮತ್ತೆ ಓದುಗರ ಮುಂದೆ ತಂದವರಲ್ಲಿ ಮುಖ್ಯರು ಚಿ.ನ. ಮಂಗಳಾ, ಇನ್ನೊಬ್ಬ ಲೇಖಕಿ. ಆ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ: ಲೇಖಕಿ ಸಾರಾ ಅಬೂಬಕ್ಕರ್ 1994ರಲ್ಲಿ ಮಂಗಳೂರಿನಲ್ಲಿ ಚಂದ್ರಗಿರಿ ಪ್ರಕಾಶನ ಶುರುಮಾಡಿದರು.

ಹೊರದೇಶದ ಉದಾಹರಣೆ ಬೇಕೆಂದರೆ ಇಂಗ್ಲೆಂಡಿನ ಶೆಫೀಲ್ಡ್‌ನ 'ಆಂಡ್ ಅದರ್ ಸ್ಟೋರೀಸ್' ಇದೆ. ಸಣ್ಣ ಪ್ರಕಾಶನ, ಲಾಭಕ್ಕಾಗಿ ನಡೆಸುವುದಲ್ಲ. ಲೇಖಕಿಯರನ್ನಷ್ಟೇ ಪ್ರಕಟಿಸುವ ಒಂದು ವರ್ಷ ನಡೆಸಿ ತೋರಿಸಿ ಎಂದು ಕಾದಂಬರಿಗಾರ್ತಿ ಕಮಿಲಾ ಶಮ್ಸಿ 2015ರಲ್ಲಿ ಪ್ರಕಾಶಕರಿಗೆ ಸವಾಲು ಹಾಕಿದ್ದರು. 2018ರಲ್ಲಿ ಅದನ್ನು ನಡೆಸಿ ತೋರಿಸಿದ್ದು ಈ ಸಂಸ್ಥೆ. ಅದರ ಮಟ್ಟ ಇಳಿಯಿತೆ? 2025ರ ಮೇನಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಬಾನು ಮುಷ್ತಾಕರ 'ಹಾರ್ಟ್ ಲ್ಯಾಂಪ್' ಅನ್ನು, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ ಹನ್ನೆರಡು ಕಥೆಗಳನ್ನು, ಬ್ರಿಟನ್ನಿನಲ್ಲಿ ಪ್ರಕಟಿಸಿದ್ದು ಇದೇ ಪ್ರಕಾಶನ. ಹಾಸನದ ಲೇಖಕಿಯ ಕಥೆಗೆ ಶೆಫೀಲ್ಡ್‌ನಲ್ಲಿ ಜಾಗ ಸಿಗುವುದಾದರೆ ಮಳವಳ್ಳಿಯವಳ ಕಥೆಗೆ ಮಂಡ್ಯದಲ್ಲಿ ಸಿಗಬಾರದೆ?

ಇನ್ನು ನನಗೆ ನಿಜವಾಗಿ ನೋವು ತಂದ ಮಾತು: "ನಮ್ಮ ಕಡೆ ಬರೆಯೋ ಹೆಂಗಸರಾದ್ರೂ ಎಲ್ಲವ್ರೆ?" ಮದ್ದೂರಿನ ಕಡೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳೊಬ್ಬಳ ಬರಹವನ್ನು ಓದಿದ್ದೇನೆ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆದದ್ದು. ಕತ್ತಲಲ್ಲಿ ವ್ಯಾನು ಹಿಡಿಯುವುದು, ಗಂಟೆಗೆ ಇಷ್ಟು ಕಾಲರ್ ಎಂಬ ಟಾರ್ಗೆಟ್ಟು, ಬಂಡಲ್ ಮುಗಿಯದೆ ಏಳುವಂತಿಲ್ಲವೆಂದು ನೀರು ಕುಡಿಯುವುದನ್ನೇ ಬಿಟ್ಟದ್ದು, ಸಂಬಳದ ದಿನ ಸಂಘದ ಸಾಲದ ಕಂತು. ಒಂದು ಕಡೆಯೂ ತನ್ನ ಬಗ್ಗೆ ಮರುಗಿಲ್ಲ. ಪಕ್ಕದ ಮಿಷಿನ್ನಿನವಳು ಕೆಲಸ ಬಿಟ್ಟುಹೋದ ದಿನದ ಬಗ್ಗೆ ಮಾತ್ರ ನಾಲ್ಕು ಪುಟ. ಅವಳು ಅದನ್ನು ಒಬ್ಬ ಪ್ರಕಾಶಕರಿಗೆ ತೋರಿಸಿದಾಗ, "ಇದನ್ನ ಒಂದು ಕಥೆ ಮಾಡ್ಕೊಂಡು ಬಾಮ್ಮ, ಖರ್ಚಿಗೆ ಎಷ್ಟು ಹಾಕ್ತೀಯ?" ಎಂದರಂತೆ. ಅವಳು ಮತ್ತೆ ಹೋಗಲಿಲ್ಲ.

ಬರಹಕ್ಕೇ ಬಾರದ ಮಾತೂ ಇದೆ. 2023ರ ಕೊನೆಯಲ್ಲಿ ಮಂಡ್ಯದ ಬಳಿ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣುಭ್ರೂಣ ಪತ್ತೆಹಚ್ಚುತ್ತಿದ್ದ ದಂಧೆ ಬಯಲಾಯಿತು. ಬೆಲ್ಲ ಬೇಯುವ ಜಾಗ ಅದು. ಪೊಲೀಸರ, ದಲ್ಲಾಳಿಗಳ, ಅಧಿಕಾರಿಗಳ ಸುದ್ದಿ ದಿನವೂ ಓದಿದೆವು. ಅಲ್ಲಿಗೆ ಕರೆದೊಯ್ಯಲ್ಪಟ್ಟ ಹೆಂಗಸಿನ ಒಳಗಿನ ಮಾತನ್ನು ಎಲ್ಲಿ ಓದಿದೆವು? ಅವಳು ಅದನ್ನು ಎಂದಾದರೂ ಬರೆದರೆ, ಹೆಸರು ಮರೆಸಿ ಬರೆದರೂ ಸರಿ, ಯಾರ ಕೈಗೆ ಕೊಟ್ಟಾಳು? ಬರೆಯದೆ ಹಾಡುವವರ ಪಾಡೂ ನೋಡಿ: ಮೂರೂ ತಾಲ್ಲೂಕಿನಲ್ಲಿ ಸೋಬಾನೆ ಹೇಳುವ, ನಾಟಿಯಲ್ಲಿ ಪದ ಕಟ್ಟುವ ಅಜ್ಜಿಯರ ಹಾಡು ಅಚ್ಚಾದಾಗ ಮುಖಪುಟದಲ್ಲಿ ಸಂಗ್ರಾಹಕರ ಹೆಸರು ದಪ್ಪಗಿರುತ್ತದೆ. ಹಾಡಿದವಳನ್ನು ಅನುಬಂಧದಲ್ಲಿ ಹುಡುಕಬೇಕು. ಹೆಣ್ಣಿನ ಬರಹಕ್ಕೆ ಹೆಣ್ಣೇ ಬೆನ್ನಿಗೆ ನಿಲ್ಲುವುದು ಇಲ್ಲಿ ಹೊಸದಲ್ಲ. ಇದೇ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜರ ಕಾಲಕ್ಕೆ ಅರಮನೆಯ ಎಲೆಯಡಿಕೆ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಅವಳಿಗೆ ಒತ್ತಾಸೆಯಾದದ್ದು ರಾಣಿ ದೇವಾಜಮ್ಮಣ್ಣಿ.

ದುಡ್ಡಿನ ಪ್ರಶ್ನೆ ನ್ಯಾಯವಾದದ್ದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿದರೆ ಬಿಲ್ಲು ಬರುವಷ್ಟರಲ್ಲಿ ಮುದ್ರಕರು ಮನೆಬಾಗಿಲಿಗೆ ಬಂದಿರುತ್ತಾರೆ. ಅದಕ್ಕೇ ನಾವು ಚಂದಾ ಎನ್ನುತ್ತಿರುವುದು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಹೊರಟದ್ದೇ ಚಂದಾದಾರರನ್ನು ನೆಚ್ಚಿಕೊಂಡು. ಶೆಫೀಲ್ಡ್‌ನವರೂ ಚಂದಾದಾರರ ಹೆಸರನ್ನು ಪುಸ್ತಕದ ಕೊನೆಯ ಪುಟಗಳಲ್ಲಿ ಅಚ್ಚುಹಾಕುತ್ತಾರೆ. ನಮ್ಮದು ವರ್ಷಕ್ಕೆ ಮೂರೇ ಪುಸ್ತಕ, ಡೆಮಿ 1/8 ಆಕಾರ, ಐನೂರು ಪ್ರತಿ. ಲೇಖಕಿಯಿಂದ ಒಂದು ರೂಪಾಯಿಯೂ ಬೇಡ. ಹಳ್ಳಿಗಾಡಿನಿಂದ ಪ್ರಕಾಶನ ನಡೆಯದು ಎನ್ನುವವರು ಹೆಗ್ಗೋಡಿನ ಅಕ್ಷರ ಪ್ರಕಾಶನವನ್ನು ನೆನೆಯಲಿ.

ಕಡೆಯದಾಗಿ, ಗಂಡಸರನ್ನು ಹೊರಗಿಡುತ್ತೀರಾ ಎಂದು ಕೇಳಿದ್ದಾರೆ. ಇಲ್ಲ. ಕರಡು ತಿದ್ದಲು ಬನ್ನಿ, ಚಂದಾದಾರರಾಗಿ, ಕಾಲೇಜುಗಳಿಗೆ ಪುಸ್ತಕ ಮುಟ್ಟಿಸಿ, ಅಚ್ಚಾದ ಮೇಲೆ ನಿಷ್ಠುರವಾಗಿ ವಿಮರ್ಶೆ ಬರೆಯಿರಿ. ಬಂದ ನೋಟ್‌ಬುಕ್ಕನ್ನು ಮೊದಲು ಓದಿ ಹೌದು ಅಥವಾ ಬೇಡ ಎನ್ನುವ ಕೆಲಸವೊಂದನ್ನು ಮಾತ್ರ ನಾವು ಬಿಟ್ಟುಕೊಡುವುದಿಲ್ಲ.