ರ‍್ಯಾಂಕ್ ಇಲ್ಲದ ಬ್ಯಾಡ್ಜು

ಸಿಯಾಟಲ್ ಮಗ್ಗುಲಿನ ಬೆಲ್‌ವ್ಯೂ ನಗರದ ಕ್ರಾಸ್‌ರೋಡ್ಸ್ ಸುತ್ತಮುತ್ತ ಕನ್ನಡ ಮಾತನಾಡುವ ಮನೆಗಳಿಗೆ ಕೊರತೆಯಿಲ್ಲ. ಅಪ್ಪ ಅಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುತ್ತಾರೆ. ಮಕ್ಕಳ ಶನಿವಾರ ಗಣಿತದ ಕ್ಲಾಸು, ಚೆಸ್, ಈಜು, ಸಂಗೀತಗಳ ನಡುವೆ ಹಂಚಿಹೋಗಿರುತ್ತದೆ. ಶೋಕೇಸ್ ತುಂಬ ಪದಕಗಳಿದ್ದರೂ ಹೆಚ್ಚಿನವು ಸಾರುವುದು ಒಂದೇ ಸಂಗತಿಯನ್ನು: ಎಷ್ಟು ಜನರನ್ನು ಹಿಂದೆ ಹಾಕಿದ್ದಾಯಿತು ಎಂಬುದನ್ನು. ಈ ಮನೆಗಳಿಂದ ಕಾರಿನಲ್ಲಿ ಸುಮಾರು ಒಂದು ತಾಸು ಉತ್ತರಕ್ಕಿರುವ ಆರ್ಲಿಂಗ್ಟನ್ ವಿಮಾನ ನಿಲ್ದಾಣದಲ್ಲಿ ಬೇರೆಯೇ ಬಗೆಯ ಪದಕಕ್ಕೆ ದಾರಿ ತೆರೆದುಕೊಳ್ಳುತ್ತದೆ. ಅದು ಗ್ಲೈಡರ್ ಪೈಲಟ್‌ಗಳು ಗಳಿಸುವ ಬ್ಯಾಡ್ಜು. ಅದರಲ್ಲಿ ಮೊದಲ ಸ್ಥಾನವೂ ಇಲ್ಲ, ಕೊನೆಯ ಸ್ಥಾನವೂ ಇಲ್ಲ.

ಗ್ಲೈಡರ್‌ಗೆ ಎಂಜಿನ್ ಇರುವುದಿಲ್ಲ. ಪುಟ್ಟ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ಯುತ್ತದೆ. ಎರಡು ಮೂರು ಸಾವಿರ ಅಡಿಯಲ್ಲಿ ಪೈಲಟ್ ಹಗ್ಗ ಬಿಡಿಸಿಕೊಂಡ ಕ್ಷಣದಿಂದ ಗ್ಲೈಡರ್ ಇಳಿಯತೊಡಗುತ್ತದೆ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯ ಕಂಬಕ್ಕೆ ಥರ್ಮಲ್ ಎನ್ನುತ್ತಾರೆ. ಅದನ್ನು ಹುಡುಕಿ, ಅದರೊಳಗೇ ಸುತ್ತು ಹಾಕಿದರೆ ಮತ್ತೆ ಎತ್ತರ ಸಿಗುತ್ತದೆ. ಬಯಲುಸೀಮೆಯ ಮಧ್ಯಾಹ್ನ ರೆಕ್ಕೆ ಬಡಿಯದೆ ಮೇಲೇರುವ ಹದ್ದು ಮಾಡುವುದೂ ಇದನ್ನೇ.

ಅಮೆರಿಕದ ಸೋರಿಂಗ್ ಸೊಸೈಟಿಯ ಮೆಟ್ಟಿಲುಗಳು ಎ, ಬಿ, ಸಿ ಎಂದು ಆರಂಭವಾಗುತ್ತವೆ. ಒಬ್ಬಂಟಿಯಾಗಿ ಹಾರಿ ಇಳಿದರೆ ಎ. ಎರಡು ಸಾವಿರ ಅಡಿಯಲ್ಲಿ ಹಗ್ಗ ಬಿಟ್ಟು ಅರ್ಧ ಗಂಟೆ ಗಾಳಿಯಲ್ಲಿ ನಿಂತರೆ ಬಿ, ಒಂದು ಗಂಟೆ ನಿಂತರೆ ಸಿ. ಆಮೇಲೆ ಬರುವ ಕಂಚಿನ ಬ್ಯಾಡ್ಜಿಗೆ ಲಿಖಿತ ಪರೀಕ್ಷೆಯಿದೆ, ಗೊತ್ತುಮಾಡಿದ ಜಾಗದಲ್ಲೇ ಇಳಿಯುವ ಪರೀಕ್ಷೆಯಿದೆ. ಎತ್ತರ ತೋರಿಸುವ ಮೀಟರನ್ನು ನೋಡದೆ ಬರಿಗಣ್ಣಿನ ಅಂದಾಜಿನಲ್ಲಿ ನೆಲ ಮುಟ್ಟುವ ಅಭ್ಯಾಸವೂ ಇದೆ.

ಬೆಳ್ಳಿಯಿಂದ ಮುಂದಿನವು ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟದ ಬ್ಯಾಡ್ಜುಗಳು. ಇವುಗಳ ಅಳತೆ ಜರ್ಮನಿಯಲ್ಲಿ, ಅರ್ಜೆಂಟೀನಾದಲ್ಲಿ, ಭಾರತದಲ್ಲಿ ಎಲ್ಲ ಕಡೆಯೂ ಒಂದೇ. ಬೆಳ್ಳಿಗೆ 50 ಕಿಲೋಮೀಟರ್ ದೂರ, 5 ಗಂಟೆ ಹಾರಾಟ, 1,000 ಮೀಟರ್ ಎತ್ತರದ ಗಳಿಕೆ ಬೇಕು. ಚಿನ್ನಕ್ಕೆ 300 ಕಿಲೋಮೀಟರ್ ದೂರ, 3,000 ಮೀಟರ್ ಎತ್ತರ. ವಜ್ರಗಳು ಮೂರು: ಮೊದಲೇ ಘೋಷಿಸಿದ ಗುರಿಯ 300 ಕಿಲೋಮೀಟರ್, 500 ಕಿಲೋಮೀಟರ್ ದೂರ, 5,000 ಮೀಟರ್ ಎತ್ತರ. ಕರ್ನಾಟಕದ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬೆಳ್ಳಿಯ ದೂರ, ಮಂಗಳೂರಿಗೆ ಹತ್ತಿರಹತ್ತಿರ ಚಿನ್ನದ ದೂರ. ವಜ್ರದ ದೂರ ಮುಗಿಯುವ ಹೊತ್ತಿಗೆ ಕಲಬುರಗಿ ಬಂದಿರುತ್ತದೆ.

ಬೆಳ್ಳಿಯ 50 ಕಿಲೋಮೀಟರ್ ಕಾರಿಗೆ ಒಂದು ಗಂಟೆಯ ಮಾತು. ಗ್ಲೈಡರ್ ಪೈಲಟ್‌ಗೆ ಹಾಗಲ್ಲ. ಅಲ್ಲಿಯವರೆಗೂ ಆತ ಅಥವಾ ಆಕೆ ಹಾರಿದ್ದೆಲ್ಲ ಸ್ವಂತ ರನ್‌ವೇ ಕಣ್ಣಿಗೆ ಕಾಣುವಷ್ಟು ದೂರದಲ್ಲಿ. ಗಾಳಿ ಕೈಕೊಟ್ಟರೆ ಮರಳಿ ಬಂದು ಇಳಿದರಾಯಿತು. ಬೆಳ್ಳಿಯ ಹಾರಾಟದಲ್ಲಿ ಆ ರನ್‌ವೇ ಕಣ್ಮರೆಯಾಗುತ್ತದೆ. ಮುಂದೆ ಏರುಗಾಳಿ ಸಿಕ್ಕೀತು, ಸಿಗದಿದ್ದರೆ ಯಾವುದೋ ರೈತನ ಹೊಲದಲ್ಲಿ ಇಳಿಯಬೇಕಾದೀತು. ಎಲ್ಲಿಯವರೆಗೆ ಹುಡುಕಾಟ, ಯಾವ ಎತ್ತರಕ್ಕೆ ಬಂದಾಗ ಹುಡುಕಾಟ ಬಿಟ್ಟು ಹೊಲದ ಆಯ್ಕೆ ಎಂಬ ತೀರ್ಮಾನವನ್ನು ಒಬ್ಬರೇ ಮಾಡಬೇಕು. 5 ಗಂಟೆಯ ಹಾರಾಟ ಇನ್ನೊಂದು ಬಗೆಯ ಪರೀಕ್ಷೆ: ಮೋಡ ಬಂದು ನೆಲ ತಣ್ಣಗಾದಾಗ ಇದ್ದ ಎತ್ತರವನ್ನೇ ಜೋಪಾನ ಮಾಡಿಕೊಂಡು ಮುಂದಿನ ಬಿಸಿಲಿಗೆ ಕಾಯುವ ತಾಳ್ಮೆ ಬೇಕು. ಬ್ಯಾಡ್ಜಿನ ನಿಜವಾದ ಬೆಲೆ ಇಲ್ಲಿದೆ. ಅದು ಬೇರೆಯವರ ಜತೆಗಿನ ಹೋಲಿಕೆಯನ್ನು ಬದಿಗಿಟ್ಟು, ಒಬ್ಬರ ವಿವೇಚನೆ ಯಾವ ಮಟ್ಟ ಮುಟ್ಟಿದೆ ಎಂದಷ್ಟೇ ಅಳೆಯುತ್ತದೆ.

ಈ ಅಳತೆಗೆ ದೀರ್ಘ ಇತಿಹಾಸವಿದೆ. 1931ರಲ್ಲಿ ಮೊಟ್ಟಮೊದಲು ಬೆಳ್ಳಿ ಬ್ಯಾಡ್ಜ್ ಪಡೆದವರು ಜರ್ಮನಿಯ ವೋಲ್ಫ್ ಹಿರ್ತ್ ಮತ್ತು ಆಸ್ಟ್ರಿಯಾದ ರಾಬರ್ಟ್ ಕ್ರೋನ್‌ಫೆಲ್ಡ್. ಹಿರ್ತ್ ಮೋಟರ್‌ಸೈಕಲ್ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದರು. ಕೃತಕ ಕಾಲಿನಲ್ಲೇ ಹಾರುತ್ತಿದ್ದರು. ಚಂದ್ರನ ಮೇಲೆ ಮೊದಲು ಹೆಜ್ಜೆಯಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಕೂಡ ಚಿನ್ನದ ಬ್ಯಾಡ್ಜನ್ನು ಎರಡು ವಜ್ರ ಸಮೇತ ಗಳಿಸಿದ್ದರು. ಅವರಿಗೂ, ಇಂದು ಹಾರಲು ಕಲಿಯುವ ಹೈಸ್ಕೂಲು ಹುಡುಗಿಗೂ ಅಳತೆಗೋಲು ಒಂದೇ.

ಎಂಜಿನ್ ಇಲ್ಲದೆ ಹಾರುವ ಕಲೆ ಎಷ್ಟು ಉಪಯುಕ್ತ ಎಂಬುದಕ್ಕೆ ಸಿಯಾಟಲ್‌ನವರಿಗೆ ಹತ್ತಿರದ ಉದಾಹರಣೆಯಿದೆ. ಬೋಯಿಂಗ್ 767 ವಿಮಾನಗಳು ತಯಾರಾಗುವುದು ಆರ್ಲಿಂಗ್ಟನ್‌ಗೆ ಸಮೀಪದ ಎವರೆಟ್ ಕಾರ್ಖಾನೆಯಲ್ಲಿ. 1983ರ ಜುಲೈ 23ರಂದು ಏರ್ ಕೆನಡಾದ ಅಂಥದೊಂದು ವಿಮಾನದ ಇಂಧನ 41,000 ಅಡಿ ಎತ್ತರದಲ್ಲಿ ಬರಿದಾಯಿತು. ಇಂಧನ ತುಂಬಿಸುವಾಗ ಕಿಲೋಗ್ರಾಂ ಮತ್ತು ಪೌಂಡ್‌ಗಳ ಲೆಕ್ಕ ತಪ್ಪಿತ್ತು. ಕ್ಯಾಪ್ಟನ್ ರಾಬರ್ಟ್ ಪಿಯರ್‌ಸನ್ ಅನುಭವಿ ಗ್ಲೈಡರ್ ಪೈಲಟ್. ರನ್‌ವೇ ಹತ್ತಿರವಾದಾಗ ವಿಮಾನ ಇನ್ನೂ ಹೆಚ್ಚು ಎತ್ತರದಲ್ಲಿತ್ತು. ಅವರು ಗ್ಲೈಡರ್‌ನಲ್ಲಿ ಮಾಡುವಂತೆ ವಿಮಾನವನ್ನು ಗಾಳಿಗೆ ಓರೆಮಾಡಿ, ವೇಗ ಏರಗೊಡದೆ ಎತ್ತರ ಕರಗಿಸಿ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಮಂದಿಯೂ ಬದುಕುಳಿದರು.

ಬ್ಯಾಡ್ಜಿನ ಆಸೆಯೇ ಅಪಾಯ ತಂದೀತೆಂಬ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇನ್ನೊಂದು ಗುಡ್ಡ ದಾಟಿಯೇ ಬಿಡೋಣ ಎಂಬ ಹಟ ಹಾರಾಟದಲ್ಲಿ ಜೀವಕ್ಕೇ ಎರವಾಗಬಲ್ಲದು. ಆದರೆ ಈ ಮೆಟ್ಟಿಲುಗಳ ಜೋಡಣೆಯಲ್ಲೇ ಅದಕ್ಕೆ ಉತ್ತರವಿದೆ. ಇಳಿಯುವ ಕೌಶಲ ಕಂಚಿನಲ್ಲಿ, ಊರು ಬಿಟ್ಟು ಹೊರಡುವ ಹಾರಾಟ ಅದಾದ ಮೇಲೆ ಬೆಳ್ಳಿಯಲ್ಲಿ. 40ನೇ ಕಿಲೋಮೀಟರಿನಲ್ಲಿ ಹೊಲಕ್ಕಿಳಿದರೆ ಯಾರೂ ಅಂಕ ಕಳೆಯುವುದಿಲ್ಲ. ಗೆಳೆಯರು ಟ್ರೇಲರ್ ತರುತ್ತಾರೆ, ರೆಕ್ಕೆ ಕಳಚಿ ಗ್ಲೈಡರ್ ಹೇರಿಕೊಂಡು ಬಂದರಾಯಿತು. ಎಷ್ಟು ಸಲ ಯತ್ನಿಸಿದರು ಎಂಬುದು ಬ್ಯಾಡ್ಜಿನ ಮೇಲೆ ನಮೂದಾಗುವುದಿಲ್ಲ. ಹಿಂದೆ ಸರಿಯುವುದನ್ನು ಸೋಲೆಂದು ಎಣಿಸದ ಸಾಧನೆಯ ಮಾದರಿ ಮಕ್ಕಳಿಗೆ ಬೇರೆಲ್ಲಿ ಸಿಗುತ್ತದೆ?

ಕನ್ನಡನಾಡಿಗೂ ಎಂಜಿನ್ ಇಲ್ಲದ ವಿಮಾನ ಹೊಸದಲ್ಲ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ವಿ. ಎಂ. ಘಾಟಗೆ ಅವರ ವಿನ್ಯಾಸದ ಹತ್ತು ಆಸನಗಳ ಗ್ಲೈಡರ್ ತಯಾರಿಸಿತ್ತು. ನೆರೆಯ ಪುಣೆಯ ಹಡಪ್ಸರ್‌ನ ಕೇಂದ್ರ ದಶಕಗಳ ಕಾಲ ಗ್ಲೈಡಿಂಗ್ ಕಲಿಸಿದೆ. ಇತ್ತ ಸಿಯಾಟಲ್‌ಗೆ ಪೂರ್ವದ ಕ್ಯಾಸ್ಕೇಡ್ ಪರ್ವತಸಾಲಿನ ಆಚೆ, ಮಳೆ ಕಡಿಮೆಯಿರುವ ಎಫ್ರಾಟಾ ಪಟ್ಟಣದ ಯುದ್ಧಕಾಲದ ಬಾಂಬರ್ ನೆಲೆ ಇಂದು ಸಿಯಾಟಲ್ ಗ್ಲೈಡರ್ ಪೈಲಟ್‌ಗಳ ಮೆಚ್ಚಿನ ತಾಣ. ಕಾರಣ ಕಾದ ಒಣನೆಲ ಮತ್ತು ಅದರಿಂದೇಳುವ ಗಟ್ಟಿ ಥರ್ಮಲ್. ಬಳ್ಳಾರಿ, ಕಲಬುರಗಿ, ಬೀದರ್‌ಗಳ ಬಯಲಿನಲ್ಲೂ ಬಿಸಿಲಿಗೆ ಬರವಿಲ್ಲ. ವಾಯುಪ್ರದೇಶದ ಅನುಮತಿ, ತರಬೇತುದಾರರು, ಒಂದೆರಡು ಎರಡಾಸನದ ಗ್ಲೈಡರ್‌ಗಳು ಇವಿಷ್ಟನ್ನು ಹೊಂದಿಸಿ, ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ಎ ಬ್ಯಾಡ್ಜಿನಿಂದ ಬೆಳ್ಳಿಯವರೆಗಿನ ದಾರಿ ತೆರೆಯುವುದು ವೈಮಾನಿಕ ರಾಜಧಾನಿ ಎನಿಸಿಕೊಂಡ ರಾಜ್ಯಕ್ಕೆ ದೊಡ್ಡ ಭಾರವಾಗದು.

ಕ್ರಾಸ್‌ರೋಡ್ಸ್‌ನ ತಂದೆತಾಯಂದಿರು ಅಷ್ಟು ಕಾಯಬೇಕಿಲ್ಲ. ಅಮೆರಿಕದಲ್ಲಿ 14 ವರ್ಷ ತುಂಬಿದವರು ಗ್ಲೈಡರನ್ನು ಒಬ್ಬರೇ ಹಾರಿಸಬಹುದು, 16ಕ್ಕೆ ಲೈಸೆನ್ಸ್ ಪಡೆಯಬಹುದು. ಕಾರು ಓಡಿಸಲು ಬರುವ ಮೊದಲೇ ಆಕಾಶ ತೆರೆದಿರುತ್ತದೆ. ಖರ್ಚು ಕಡಿಮೆಯೇನಲ್ಲ, ಆದರೆ ಕ್ಲಬ್‌ನ ಗ್ಲೈಡರ್ ಹಂಚಿಕೊಂಡು ಹಾರಿದರೆ ಕೈಮೀರಿದ್ದೂ ಅಲ್ಲ. ಸಿಯಾಟಲ್‌ನ ಸಹ್ಯಾದ್ರಿ ಕನ್ನಡ ಸಂಘದಂಥ ಸಂಸ್ಥೆ ಬೇಸಿಗೆಯ ಪಿಕ್‌ನಿಕ್ಕೊಂದನ್ನು ಆರ್ಲಿಂಗ್ಟನ್ ಕಡೆಗೆ ಇಟ್ಟುಕೊಂಡು, ಹದಿಹರೆಯದ ಮಕ್ಕಳನ್ನು ತರಬೇತುದಾರರ ಜತೆ ಮೊದಲ ಹಾರಾಟಕ್ಕೆ ಕಳಿಸಬಹುದು. ಅವರಲ್ಲಿ ಒಬ್ಬರಿಬ್ಬರು ಬೆಳ್ಳಿಯ ಬೆನ್ನು ಹತ್ತಿದರೂ ಆ ದಿನ ಸಾರ್ಥಕ.