ಐದು ವರ್ಷಗಳ ನಡುವೆ ಒಂದು ಬಾಗಿಲು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ನಂತರದ ವಾರಗಳಲ್ಲಿ ಗುರುನಿವಾಸದ ಮೆಟ್ಟಿಲೇರುವ ಹೆತ್ತವರ ಸಂಖ್ಯೆ ಹೆಚ್ಚುತ್ತದೆ. ಕೆಲವರಿಗೆ ಗುಣನಡತೆಯ ಪತ್ರ ಬೇಕು. ಕೆಲವರಿಗೆ ಪ್ರಾಂಶುಪಾಲರ ಬಳಿ ಒಂದು ಮಾತು ಹೇಳಿಸಬೇಕು. ಇತ್ತೀಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ: "ಫಾದರ್, ಮಗಳನ್ನು ಇಲ್ಲೇ ಬಿ.ಎಸ್ಸಿ.ಗೆ ಸೇರಿಸುವುದೋ, ಐದು ವರ್ಷದ ಇಂಟಿಗ್ರೇಟೆಡ್ ಎಂ.ಎಸ್ಸಿ.ಗೆ ಕಳುಹಿಸುವುದೋ?"

ಈ ಪ್ರಶ್ನೆಗೆ ನಾನು ಹಿಂದೊಮ್ಮೆ ತೀರಾ ಅವಸರದಿಂದ ಉತ್ತರಿಸಿದ್ದೆ. ಆಗ ನಾನಿದ್ದ ಧರ್ಮಕೇಂದ್ರದ ಹುಡುಗನೊಬ್ಬನಿಗೆ ದೂರದ ಸಂಸ್ಥೆಯೊಂದರಲ್ಲಿ ಐದು ವರ್ಷದ ವಿಜ್ಞಾನ ವ್ಯಾಸಂಗಕ್ಕೆ ಸೀಟು ದೊರೆಯಿತು. ಹುಡುಗ ಹಿಂಜರಿದ. "ಇಂತಹ ಅವಕಾಶವನ್ನು ಯಾರಾದರೂ ಕೈಬಿಡುತ್ತಾರೆಯೇ?" ಎಂದು ನಾನೇ ಒತ್ತಾಯಿಸಿದೆ. ಮುಂದಿನ ಭಾನುವಾರ ಪೂಜೆಯ ಕೊನೆಯಲ್ಲಿ ಅವನ ಹೆಸರು ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಮೂರನೆಯ ವರ್ಷದ ಕ್ರಿಸ್ಮಸ್‌ಗೆ ಆತ ಊರಿಗೆ ಬರಲಿಲ್ಲ. ಪ್ರಯೋಗಾಲಯದ ಕೆಲಸದಲ್ಲಿ ಅವನ ಮನಸ್ಸು ನಿಂತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಕೊನೆಗೊಮ್ಮೆ ದೂರವಾಣಿಯಲ್ಲಿ ಸಿಕ್ಕಾಗ ಆತ ಕೇಳಿದ್ದು ಇಷ್ಟೇ: "ಎಲ್ಲರ ಮುಂದೆ ನನ್ನ ಹೆಸರು ಹೇಳಿದ್ದಿರಲ್ಲ ಫಾದರ್, ಈಗ ಹೇಗೆ ಮರಳಿ ಬರಲಿ?" ಬಂದಾಗ ಅವನ ಕೈಯಲ್ಲಿ ಅಂಕಪಟ್ಟಿಗಳಿದ್ದವು, ಪದವಿ ಇರಲಿಲ್ಲ. ತನಗಿಂತ ಮೂರು ವರ್ಷ ಕಿರಿಯರ ಜೊತೆ ಬಿ.ಕಾಂ. ತರಗತಿಯಲ್ಲಿ ಕುಳಿತ. ಇಂದು ಆತ ನೆಮ್ಮದಿಯಿಂದಿದ್ದಾನೆ. ಆದರೆ ಆ ಮೂರು ವರ್ಷಗಳ ಲೆಕ್ಕದಲ್ಲಿ ನನ್ನ ಪಾಲೂ ಇದೆ. ಆ ಋಣದ ನೆನಪಿನಿಂದಲೇ ಈ ಲೇಖನ.

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳೋಣ. ಐದು ವರ್ಷದ ವ್ಯಾಸಂಗದಿಂದ ಕಾಲ ಉಳಿಯುತ್ತದೆಂದು ಅನೇಕರು ನಂಬಿದ್ದಾರೆ. ಕರ್ನಾಟಕದಲ್ಲಿ 2021-22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು ಕೈಬಿಟ್ಟು, 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳು ಮತ್ತೆ ಮೂರು ವರ್ಷದ ಪದವಿಗೆ ಮರಳಿವೆ. ಮೂರು ವರ್ಷದ ಪದವಿಯ ಮೇಲೆ ಎರಡು ವರ್ಷದ ಸ್ನಾತಕೋತ್ತರ ಪದವಿ ಸೇರಿದರೆ ಆಗುವುದೂ ಐದೇ ವರ್ಷ. ಹಾಗಾದರೆ ವ್ಯತ್ಯಾಸವಿರುವುದು ವರ್ಷಗಳಲ್ಲಲ್ಲ, ನಡುವಿನ ಬಾಗಿಲಿನಲ್ಲಿ. ಒಂದರಲ್ಲಿ ಮೂರನೆಯ ವರ್ಷದ ಕೊನೆಗೆ ನಿಂತು ಯೋಚಿಸುವ ಅವಕಾಶವಿದೆ. ಇನ್ನೊಂದರಲ್ಲಿ ದಾರಿ ನೇರವಾಗಿ ಸಾಗುತ್ತದೆ.

ಆ ನೇರ ದಾರಿಯ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. 2006ರಲ್ಲಿ ಪುಣೆ ಮತ್ತು ಕೋಲ್ಕತ್ತದಲ್ಲಿ ಆರಂಭವಾಗಿ ಇಂದು ಏಳು ಕಡೆಗಳಲ್ಲಿರುವ ಐಸರ್ ಸಂಸ್ಥೆಗಳಿಗೆ ಐಎಟಿ ಪರೀಕ್ಷೆಯ ಮೂಲಕ ಪ್ರವೇಶ. ಭುವನೇಶ್ವರದ ನೈಸರ್ ಸಂಸ್ಥೆಗೆ ನೆಸ್ಟ್ ಪರೀಕ್ಷೆ. ಇಲ್ಲಿ ಪಾಠ ಹೇಳುವವರು ಸ್ವತಃ ಸಂಶೋಧಕರು. ಆರಂಭದಲ್ಲಿ ಭೌತ, ರಸಾಯನ, ಜೀವ, ಗಣಿತ ಎಲ್ಲವನ್ನೂ ಓದಿ ಅನಂತರ ಒಂದನ್ನು ಆರಿಸಿಕೊಳ್ಳಬಹುದು. ಕೊನೆಯ ವರ್ಷದ ಹೆಚ್ಚಿನ ಪಾಲು ಸಂಶೋಧನಾ ಪ್ರಬಂಧಕ್ಕೆ ಮೀಸಲು. ವಿಜ್ಞಾನವೇ ತನ್ನ ದಾರಿಯೆಂದು ಅರಿತ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮ ನೆಲ ನಮ್ಮ ದೇಶದಲ್ಲಿ ಸಿಗುವುದು ಕಷ್ಟ. ನಮ್ಮ ಸಮುದಾಯದ ಮಕ್ಕಳು ಇತ್ತ ಇನ್ನೂ ಹೆಚ್ಚಾಗಿ ಹೋಗಬೇಕೆಂದೇ ನನ್ನ ಆಸೆ.

ಆದರೆ ಬಿ.ಎಸ್ಸಿ. ಎಂದರೆ ಸೀಟು ಸಿಗದವರ ಗತಿ ಎಂಬ ತಾತ್ಸಾರ ಸಲ್ಲದು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್, 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ಆರಂಭವಾದಂದಿನಿಂದ ಎಷ್ಟೋ ಮನೆಗಳಿಗೆ ಬೆಳಕು ತಂದದ್ದು ಈ ಸಾಮಾನ್ಯ ಪದವಿಯೇ. ಇದರ ಮುಂದೆ ಬಾಗಿಲುಗಳೂ ಮುಚ್ಚಿಲ್ಲ. ಬಿ.ಎಸ್ಸಿ. ಮುಗಿಸಿದವರು ಜ್ಯಾಮ್ ಪರೀಕ್ಷೆ ಬರೆದು ಐಐಟಿಗಳ ಎಂ.ಎಸ್ಸಿ.ಗೆ ಸೇರಬಹುದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಯತ್ನಿಸಬಹುದು. ನಾಗರಿಕ ಸೇವಾ ಪರೀಕ್ಷೆಗೆ, ಬ್ಯಾಂಕ್ ಅಧಿಕಾರಿ ಹುದ್ದೆಗಳಿಗೆ, ಬಿ.ಎಡ್.ಗೆ ಪದವಿಯೇ ಸಾಕು. ಇಪ್ಪತ್ತೊಂದರ ವಯಸ್ಸಿನಲ್ಲಿ ಕೈಗೆ ಬಂದ ಪದವಿ ಪತ್ರ ಬಡ ಕುಟುಂಬಕ್ಕೆ ಸಣ್ಣ ಆಸರೆಯಲ್ಲ.

ಹಾಗಾದರೆ ಆಯ್ಕೆ ಹೇಗೆ? ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದಲ್ಲಿ ಮೂರು ಕ್ರಿಯೆಗಳನ್ನು ಗುರುತಿಸುತ್ತಾರೆ: ಸಮಾಲೋಚಿಸುವುದು, ನಿರ್ಣಯಿಸುವುದು, ನಿರ್ಣಯಿಸಿದ್ದನ್ನು ಆಚರಣೆಗೆ ತರುವಂತೆ ತನಗೆ ತಾನೇ ಆಜ್ಞಾಪಿಸಿಕೊಳ್ಳುವುದು. ನಮ್ಮ ಮನೆಗಳಲ್ಲಿ ಮೊದಲನೆಯದು ಧಾರಾಳವಾಗಿ ನಡೆಯುತ್ತದೆ. ದುಬೈಯ ಚಿಕ್ಕಪ್ಪನಿಂದ ಹಿಡಿದು ನೆರೆಮನೆಯವರವರೆಗೆ ಎಲ್ಲರ ಅಭಿಪ್ರಾಯ ಕೇಳುತ್ತೇವೆ. ಎರಡನೆಯದನ್ನು ದಾಟಿ ನೇರವಾಗಿ ಮೂರನೆಯದಕ್ಕೆ ಜಿಗಿಯುತ್ತೇವೆ. ಆ ಆಜ್ಞೆಯೂ ತಂದೆಯದು, ಓದಬೇಕಾದ ಮಗನದಲ್ಲ. ಬೇರೆಯವರ ಆಜ್ಞೆಯ ಬಲದಿಂದ ಒಂದು ವರ್ಷ ಓದಬಹುದು. ಐದು ವರ್ಷ ಓದಲಾಗದು.

ಈ ವಿಷಯದಲ್ಲಿ ಗುರುಮಠದ ಕ್ರಮ ನನಗೆ ನೆನಪಾಗುತ್ತದೆ. ಗುರುದೀಕ್ಷೆಯ ಅಭ್ಯರ್ಥಿಗೆ ನೀಡುವ ತರಬೇತಿ ಐದಲ್ಲ, ಅದಕ್ಕಿಂತಲೂ ದೀರ್ಘ. ಆದರೂ ಧರ್ಮಸಭೆ ಅದನ್ನು ಒಂದೇ ಉಸಿರಿನಲ್ಲಿ ಮುಗಿಸುವುದಿಲ್ಲ. ತತ್ತ್ವಶಾಸ್ತ್ರ ಮುಗಿದ ಬಳಿಕ, ದೇವಶಾಸ್ತ್ರಕ್ಕೆ ಮುನ್ನ, ನಮ್ಮನ್ನು ಪುಸ್ತಕಗಳಿಂದ ಬಿಡಿಸಿ ಜನರ ನಡುವೆ ಕಳುಹಿಸಿದರು. ಅಲ್ಲಿಂದ ಕೆಲವರು ಮರಳಿ ಬಂದೆವು, ಕೆಲವರು ಬರಲಿಲ್ಲ. ಬಾರದವರನ್ನು ಯಾರೂ ಸೋತವರೆನ್ನಲಿಲ್ಲ. ಕರೆಯನ್ನು ಪರೀಕ್ಷಿಸಿಕೊಳ್ಳಲು ಗುರುಮಠದವರಿಗೇ ನಡುವೆ ಬಾಗಿಲು ಬೇಕೆಂದಾದರೆ, ಹದಿನೇಳರ ಹರೆಯದ ಮಕ್ಕಳಿಗೆ ಬೇಡವೇ?

ಆದ್ದರಿಂದ ಹೆತ್ತವರಲ್ಲಿ ನನ್ನ ಬಿನ್ನಹ ಇಷ್ಟು. ಮಗುವಿಗೆ ವಿಷಯದ ಮೇಲೆ ಪ್ರೀತಿಯಿದೆಯೋ, ಅಂಕಗಳ ಮೇಲೆ ಮಾತ್ರವೋ ನೋಡಿ. ಪರೀಕ್ಷೆಗೆ ಬಾರದ ಪುಟವನ್ನೂ ಓದುವವಳು ನೇರ ದಾರಿಗೆ ಸಿದ್ಧಳಿದ್ದಾಳೆ. ಅವಳನ್ನು ದೂರವೆಂಬ ಭಯದಿಂದ ತಡೆಯಬೇಡಿ. ಹೆಣ್ಣುಮಗುವೆಂಬ ಕಾರಣಕ್ಕಂತೂ ತಡೆಯಲೇಬೇಡಿ. ಮನಸ್ಸು ಇನ್ನೂ ಹೊಯ್ದಾಡುತ್ತಿದ್ದರೆ ಮೂರು ವರ್ಷದ ಪದವಿಯನ್ನೇ ಆರಿಸಿ, ಅದು ಮುಗಿದಾಗ ಮತ್ತೆ ಕುಳಿತು ಮಾತನಾಡಿ. ಐದು ವರ್ಷದ ವ್ಯಾಸಂಗಕ್ಕೆ ಸೇರಿಸುವ ಮೊದಲು ಒಂದು ಪ್ರಶ್ನೆಯನ್ನು ಸಂಸ್ಥೆಗೆ ಬರೆದು ಕೇಳಿ: ನಡುವೆ ಬಿಟ್ಟರೆ ಯಾವ ಪದವಿ, ಎಷ್ಟನೆಯ ವರ್ಷಕ್ಕೆ ದೊರೆಯುತ್ತದೆ? ಎಲ್ಲ ಕಡೆ ನಿಯಮ ಒಂದೇ ಅಲ್ಲ. ವಿದ್ಯಾರ್ಥಿನಿಲಯದ ಐದು ವರ್ಷಗಳ ಖರ್ಚನ್ನೂ ಲೆಕ್ಕ ಹಾಕಿ. ಅಣ್ಣನ ಓದಿಗಾಗಿ ತಂಗಿಯ ಓದು ಮೊಟಕಾದರೆ ಅದು ನ್ಯಾಯವಲ್ಲ.

ಕೊನೆಯದಾಗಿ, ಮನೆಬಿಟ್ಟು ಹೊರಡುವ ಮಗುವಿಗೆ ಒಂದು ಮಾತು ಹೇಳಿ ಕಳುಹಿಸಿ: "ಆಗದಿದ್ದರೆ ಹೇಳು, ಬಾ. ಮನೆ ಇಲ್ಲೇ ಇದೆ." ವಿದ್ಯಾಸಂಸ್ಥೆಯ ನಿಯಮದಲ್ಲಿ ನಡುವೆ ಬಾಗಿಲು ಇರಲಿ, ಇಲ್ಲದಿರಲಿ, ಮನೆಯ ಬಾಗಿಲು ತೆರೆದಿರಬೇಕು. ನಾನಂತೂ ಈಗ ಸೀಟು ಪಡೆದವರ ಹೆಸರನ್ನು ಪೂಜೆಯ ಕೊನೆಯಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಹೊಸ ವಿದ್ಯಾರ್ಥಿಗಳೆಲ್ಲರಿಗಾಗಿ, ಹೆಸರಿಲ್ಲದೆ, ಒಟ್ಟಾಗಿ ಪ್ರಾರ್ಥಿಸುತ್ತೇವೆ.