ಯಾರ ಚರ್ಮ ಸೂಕ್ಷ್ಮ?

‘ನಂದು ಸೆನ್ಸಿಟಿವ್ ಸ್ಕಿನ್’ ಅಂತ ಎಲ್ಲರೂ ಹೇಳ್ತೀವಿ. ಅಳೆಯೋದು ಹೇಗೆ? ಮೂಗಿನ ಪಕ್ಕದ ಗೆರೆಗೆ ಲ್ಯಾಕ್ಟಿಕ್ ಆಸಿಡ್ ಹಚ್ಚಿ, ಎಷ್ಟು ಚುರುಗುಟ್ಟಿತು ಅಂತ ಕೇಳ್ತಾರೆ. ಇದು 1977ರಲ್ಲಿ ಫ್ರಾಶ್, ಕ್ಲಿಗ್ಮನ್ ವಿವರಿಸಿದ ಪರೀಕ್ಷೆ. ಸೂಕ್ಷ್ಮ ಅಂದವರಿಗೆಲ್ಲ ಇದರಲ್ಲಿ ಉರಿಯೋದಿಲ್ಲ. ಅಲ್ಲ ಅಂದವರಲ್ಲೂ ಕೆಲವರಿಗೆ ಉರಿಯುತ್ತೆ. ಹಾಗಂತ ಉರಿ ಸುಳ್ಳಲ್ಲ. ಅದನ್ನ ಹೇಳಬೇಕಾದವರು ಅನುಭವಿಸಿದವರೇ.

ಸರಿ, ಕೇಳೋದು ಯಾರನ್ನ? ಕೃಷ್ಣಾ ದಂಡೆಯ ತಿಂಥಣಿ ಸುತ್ತ ಕೆಸರಲ್ಲಿ ನಿಂತು ನೆಲ್ಲು ನಾಟಿ ಮಾಡೋ ಹೆಣ್ಣುಮಕ್ಕಳ ಬೆರಳ ಸಂದಿಯೂ ತುರಿಸುತ್ತೆ. ಅವರಿಗೆ ಪ್ರಶ್ನಾವಳಿ ಇಲ್ಲ, ಸೀರಮ್ಮೂ ಇಲ್ಲ. ‘ದುಡಿಯೋರ ಚರ್ಮ ದಪ್ಪ’ ಅನ್ನೋ ನಮ್ಮ ತೀರ್ಪು ಮಾತ್ರ ಇದೆ. ಕೊಳ್ಳೋರ ಉರಿಗಷ್ಟೇ ಹೆಸರಿಡೋದು ವಿಜ್ಞಾನ ಅಲ್ಲ, ವ್ಯಾಪಾರ. ಮೊದಲು ಅವರನ್ನ ಕೇಳಿ. ಕ್ರೀಮ್ ಆಮೇಲೆ ಮಾರಿ.